ನಲವತ್ತು ದಿನದ ಕಾಗದ

ಈ ಯುಗಾದಿಗೆ ನಮ್ಮ ಗಲ್ಲಿಯ ಮಗ್ಗದ ಕಾಕಾನ ಮನೆಯಿಂದ ಹೋಳಿಗೆ ಡಬ್ಬಿ ಪಕ್ಕದ ಮಾಸ್ತರರ ಮನೆಗೆ ಹೋಯಿತು. ನಾಲ್ಕು ವರ್ಷ ಒಬ್ಬರ ಮುಖ ಒಬ್ಬರು ನೋಡದೇ ಇದ್ದ ಮನೆಗಳು. ಡಬ್ಬಿ ಖಾಲಿ ಕಳಿಸಬಾರದೆಂದು ಮಾಸ್ತರರ ಮನೆಯ ಹೆಂಗಸರು ಅದರಲ್ಲಿ ಶೇಂಗಾ ಉಂಡಿ ಹಾಕಿ ಕೊಟ್ಟರು. ಅಕ್ಕಪಕ್ಕದ ಮನೆಯವರ ಜಗಳಕ್ಕೆ ನಾನು ಇಬ್ಬರ ಕೈಯಿಂದಲೂ ಬರೆಸುವ ನಲವತ್ತು ದಿನದ ಒಪ್ಪಂದದ ಕಾಗದದ ಬಗ್ಗೆ ಅವತ್ತೇ ಬರೆಯಬೇಕು ಅಂದುಕೊಂಡೆ. "ಕಾಗದ ಬರದ್ರ ಜಗಳ ಮುಗಿತಾವೇನ್ರಿ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ನನ್ನ ವಕೀಲ ಗೆಳೆಯರೇ ಕೇಳಿದ್ದರು, ಗಲ್ಲಿಯ ಪಂಚರು ಕೇಳಿದ್ದರು, ನಮ್ಮ ಅಣ್ಣ ಅಂತೂ ಕೈಮುಗಿದು ಬಿಟ್ಟುಬಿಡು ಅಂದಿದ್ದ. ಈಗ ಅವರೇ ಜನರನ್ನು ನನ್ನ ಹತ್ತಿರ ಕಳಿಸುತ್ತಾರೆ.

ನಾನು ಬೆಳಗಾವಿಯಲ್ಲಿ ಬಾಂಡ್ ರೈಟರ್, ಅಂದರೆ ಜನರಿಗೆ ಅರ್ಜಿ, ಕರಾರುಪತ್ರ ಬರೆದುಕೊಡುವವನು. ಡಿಸಿ ಕಚೇರಿ ಹತ್ತಿರ ಕುರ್ಚಿ-ಟೇಬಲ್ಲು ಹಾಕಿಕೊಂಡು 22 ವರ್ಷ ಆಯಿತು. ಮನೆ ಇದೇ ಊರಿನ ವಡಗಾವಿಯಲ್ಲಿ. ಅರ್ಜಿ ಹೇಗೆ ಬರೆಯಬೇಕು, ಆಸ್ತಿಯ ಉತಾರ ಎಲ್ಲಿ ಸಿಗುತ್ತದೆ, ಸಿಟಿ ಸರ್ವೆ ಕಚೇರಿಯಲ್ಲಿ ಆಸ್ತಿ ದಾಖಲೆಯ ಪಿ.ಆರ್. ಕಾರ್ಡ್ ಹೇಗೆ ತೆಗೆಸಬೇಕು, ಇದೆಲ್ಲ ನನ್ನಂತೆ ಕೂತು ಬರೆಯುವವರಿಗೆ, ಗಲ್ಲಿ ಪಂಚಾಯ್ತಿ ಮಾಡುವವರಿಗೆ ಗೊತ್ತಿದ್ದದ್ದೇ. ಅದನ್ನು ಬಿಡುತ್ತೇನೆ. ಎಲ್ಲೆಲ್ಲಿ ಸೋತೆ, ಎಷ್ಟು ರೊಕ್ಕ ಹೋಯಿತು, ಕೊನೆಗೆ ಏನು ಹತ್ತಿತು, ಅಷ್ಟು ಹೇಳುತ್ತೇನೆ.

ಕಾಕಾನ ಮನೆಯಲ್ಲಿ ನಾಲ್ಕು ಪಾವರ್‌ಲೂಮು. ಎರಡು ಬೀದಿ ಕಡೆ, ಎರಡು ಎರಡೂ ಮನೆಗೆ ಸೇರಿದ ನಡುವಿನ ಗೋಡೆಗೆ ಹತ್ತಿಕೊಂಡು. ಆ ಗೋಡೆಯ ಆಚೆ ಮಾಸ್ತರರ ಮಲಗುವ ಖೋಲಿ. ಹಗಲು ಕರೆಂಟ್ ಹೋದರೆ, ಸೀಸನ್ನಿನ ಆರ್ಡರ್ ಬಂದರೆ ರಾತ್ರಿ ಹನ್ನೆರಡು, ಒಂದರವರೆಗೂ ಮಗ್ಗ ನಡೆಯುತ್ತಿತ್ತು. ಮಾಸ್ತರರಿಗೆ ಬಿಪಿ. ಮೊದಲು ಗೋಡೆ ಬಡಿದರು, ಆಮೇಲೆ ಬೀದಿಯಲ್ಲಿ ನಿಂತು ಕೂಗಿದರು, ಆಮೇಲೆ ನನ್ನ ಹತ್ತಿರ ಬಂದರು.

ನಾನು ಮಾಡಿದ ಮೊದಲನೇ ತಪ್ಪು: ಅವರು ಹೇಳಿದ್ದನ್ನು ಹಾಗೇ ಬಿಗಿಯಾಗಿ ಬರೆದು ಠಾಣೆಗೆ ಅರ್ಜಿ ಕೊಡಿಸಿದ್ದು. ಶಬ್ದ ಮಾಲಿನ್ಯ ನಿಯಮಗಳು 2000ದಲ್ಲಿ ಬಂದಿವೆ, ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್, ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಮಿತಿಗಿಂತ 10 ಡೆಸಿಬಲ್ ಮೀರಿದರೆ ದೂರು ಕೊಡಬಹುದು. ಎಲ್ಲವನ್ನೂ ಅಂದವಾಗಿ ಬರೆದಿದ್ದೆ. ಬೀಟಿನ ಪೊಲೀಸರು ಬಂದರು, ಕಾಕಾನಿಗೆ ಎರಡು ಮಾತು ಹೇಳಿದರು, ಹೋದರು. ಹದಿನೈದು ದಿನ ಮಗ್ಗ ಸುಮ್ಮನಿತ್ತು. ಹದಿನಾರನೇ ದಿನ ಕಾಕಾನ ಮಗ ನಾಲ್ಕೂ ಮಗ್ಗ ಒಟ್ಟಿಗೆ ಬಿಟ್ಟ. ಆಮೇಲೆ ಎರಡು ಮನೆಯ ಹೆಣ್ಣುಮಕ್ಕಳ ಮಾತೂ ನಿಂತಿತು. ನನ್ನ ಅರ್ಜಿಯಿಂದ ಬಂದ ಫಲ ಅದೊಂದೇ.

ಎರಡನೇ ತಪ್ಪು ದೊಡ್ಡದು. ಆಗ ಇನ್ನೂ ಹಳೇ ದಂಡ ಪ್ರಕ್ರಿಯಾ ಸಂಹಿತೆ ಇತ್ತು. ಕಲಂ 133ರಲ್ಲಿ ಉಪದ್ರವ ತೆಗೆಸಲು ಅರ್ಜಿ ಹಾಕಿಸಿದೆ. 2024ರ ಜುಲೈ 1ರಿಂದ ಅದೇ ವಿಷಯ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಲ್ಲಿದೆ, ಹಳೇ ನಮೂನೆ ಇಟ್ಟುಕೊಂಡವರು ಬದಲಿಸಿಕೊಳ್ಳಿ. ಏಳೆಂಟು ತಿಂಗಳು ಓಡಾಡಿದ ಮೇಲೆ ಮ್ಯಾಜಿಸ್ಟ್ರೇಟರ ಕಚೇರಿಯಿಂದ ಬಂದ ಲಿಖಿತ ಹಿಂಬರಹ: ಇದು ಇಬ್ಬರ ಖಾಸಗಿ ತಕರಾರು, ಸಾರ್ವಜನಿಕ ಉಪದ್ರವ ಅಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕಲಂ ಇರುವುದು ದಾರಿ, ಗಟಾರ, ಬೀಳುವ ಗೋಡೆ, ಹತ್ತು ಜನರ ಆರೋಗ್ಯ ಕೆಡಿಸುವ ಧಂದೆ ಇಂಥವಕ್ಕೆ. ಒಂದು ಗೋಡೆಯ ಎರಡು ಮಗ್ಗುಲಿನ ಜಗಳಕ್ಕೆ ಅದನ್ನು ಎಳೆಯಬಾರದು. ಅದೇ ಕಲಮನ್ನು ಖಾಸಬಾಗ ಕಡೆಯ ಒಂದು ಎಮ್ಮೆ ಕೊಟ್ಟಿಗೆಗೆ ಬಳಸಿದ್ದೆ, ಸಗಣಿ ನೀರು ಇಡೀ ಬೀದಿಯ ಗಟಾರಕ್ಕೆ ಬರುತ್ತಿತ್ತು, ಅಲ್ಲಿ ಕೆಲಸ ಮಾಡಿತು. ವ್ಯತ್ಯಾಸ ಇಷ್ಟೇ, ಆದರೆ ನನಗೆ ತಿಳಿಯಲು ಮಾಸ್ತರರ ಒಂದು ವರ್ಷ ಹೋಯಿತು.

ಈ ಮಧ್ಯೆ ಎರಡು ಸಲ ವಕೀಲರ ನೋಟೀಸು. ಮಾಸ್ತರರ ಖರ್ಚು ಸುಮಾರು 35 ಸಾವಿರ ಆಗಿರಬೇಕು. ಕಾಕಾನದು 20ರ ಹತ್ತಿರ, ಅದರ ಮೇಲೆ ತಾರೀಖು, ಓಡಾಟ ಅಂತ ಮಗ್ಗ ನಿಂತ ದಿನಗಳು ಬೇರೆ. ಮಗ್ಗ ಮಾತ್ರ ಇದ್ದಲ್ಲೇ ಇತ್ತು, ಶಬ್ದವೂ ಇದ್ದಷ್ಟೇ ಇತ್ತು.

ಮೂರನೇ ಸಲ ಗಲ್ಲಿಯ ಪಂಚರು ಗುಡಿಯ ಕಟ್ಟೆಗೆ ಇಬ್ಬರನ್ನೂ ಕರೆಸಿದರು. ಮೂವತ್ತು ನಲವತ್ತು ಜನ ಕೂಡಿದ್ದರು. ನಾಲ್ಕು ಮಂದಿ ಎದುರು ಯಾವ ಗಂಡಸೂ ತಾನು ಬಗ್ಗುತ್ತೇನೆ ಅನ್ನುವುದಿಲ್ಲ. ಒಳಗೆ ಬಗ್ಗಬೇಕು ಅಂತ ಇದ್ದವನೂ ಹೊರಗೆ ಎದೆ ಸೆಟೆಸುತ್ತಾನೆ. "ಮಗ್ಗ ನಿಂತ್ರ ಹೊಟ್ಟಿ ನಿಂತಂಗ, ಏನ್ ಮಾಡ್ಕೋತೀರೋ ಮಾಡ್ಕೋರಿ" ಅಂತ ಕಾಕಾ ಎದ್ದುಹೋದರು. ಆವತ್ತಿನಿಂದ ನಾನು ಯಾವ ಜಗಳವನ್ನೂ ಕಟ್ಟೆಗೆ ತಂದಿಲ್ಲ.

ಆಮೇಲೆ ಹುಡುಕಿಕೊಂಡ ದಾರಿಯೇ ಈ ನಲವತ್ತು ದಿನದ ಕಾಗದ.

ಮೊದಲ ಕೆಲಸ, ಜಗಳ ಆಗುವ ಹೊತ್ತಿಗೆ ಜಗಳ ಆಗುವ ಜಾಗದಲ್ಲಿ ಹೋಗಿ ಕೂಡುವುದು. ರಾತ್ರಿ ಹನ್ನೊಂದಕ್ಕೆ ಮಾಸ್ತರರ ಖೋಲಿಯಲ್ಲಿ ಕೂತೆ. ಕಿವಿಗೆ ಬಂದದ್ದಕ್ಕಿಂತ ಮೈಗೆ ಬಂದದ್ದು ಹೆಚ್ಚು. ಮಂಚದ ಕಬ್ಬಿಣದ ಮೇಲೆ ಕೈ ಇಟ್ಟರೆ ಝುಮ್ ಅನ್ನುತ್ತಿತ್ತು. ಮಾಡದಲ್ಲಿ ಒಂದರೊಳಗೊಂದು ಇಟ್ಟ ಸ್ಟೀಲ್ ಲೋಟಗಳು ಲಾಳಿಯ ಪ್ರತಿ ಹೊಡೆತಕ್ಕೂ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಮಾಸ್ತರರು ಮೂರು ವರ್ಷದಿಂದ ಅರ್ಜಿಯಲ್ಲಿ ಬರೆಸಿದ್ದು ಶಬ್ದ, ನಿದ್ದೆ ಕೆಡಿಸುತ್ತಿದ್ದದ್ದು ನಡುಕ. ಇದು ಟೇಬಲ್ಲಿನ ಮುಂದೆ ಕೂತು ಬರೆಯುವವನಿಗೆ ಹೇಗೆ ತಿಳಿಯಬೇಕು?

ಎರಡು ದಿನ ಬಿಟ್ಟು ಕಾಕಾನನ್ನು ಅದೇ ಮಂಚದ ಮೇಲೆ ಕೂರಿಸಿದೆ, ಮಗನಿಗೆ ಮಗ್ಗ ಬಿಡಲು ಹೇಳಿ. ನಾಲ್ಕು ವರ್ಷ ಮಾತಿಲ್ಲದವರನ್ನು ಆ ಮನೆಯ ಹೊಸ್ತಿಲು ದಾಟಿಸಿದ್ದು ಹೇಗೆ ಅಂತ ಕೇಳಬೇಡಿ, ಅದನ್ನು ಬರೆದರೆ ಮುಂದಿನವರು ಎಚ್ಚರಾಗುತ್ತಾರೆ. ಕಾಕಾ ಐದು ನಿಮಿಷ ಸುಮ್ಮನೆ ಕೂತರು. ಆಮೇಲೆ, "ಇಷ್ಟ್ ಬರ್ತದೇನ್ರಿ ಮಾಸ್ತರ? ನಮಗ ಒಳಗಿದ್ದು ಇದ್ದು ಗೊತ್ತಾಗಂಗಿಲ್ಲ" ಅಂದರು. ನಲವತ್ತು ವರ್ಷ ಮಗ್ಗದ ಮುಂದೆ ಇದ್ದ ಕಿವಿ ಅದು.

ಮರುದಿನ ಮಾಸ್ತರರನ್ನು ಕಾಕಾನ ಮನೆಗೆ ಕರೆದೊಯ್ದೆ. ನೂಲಿನ ಬಾಕಿ, ಸೀರೆಗೆ ಸಿಗುವ ಕೂಲಿ, ಕರೆಂಟ್ ಹೋದ ತಾಸುಗಳು, ಎಲ್ಲ ಕಾಕಾನ ಸೊಸೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಲೆಕ್ಕದ ಮಾಸ್ತರರು ಅವರು. ಎರಡು ಪುಟ ತಿರುವಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು.

ಅಲ್ಲೇ ಇನ್ನೊಂದು ವಿಷಯ ಹೊರಬಿತ್ತು. ಮಾಸ್ತರರ ಸ್ಕೂಟರ್ ನಿಲ್ಲುತ್ತಿದ್ದ ಜಾಗದಿಂದಾಗಿ ನೂಲಿನ ಗಾಡಿ ಬಾಗಿಲವರೆಗೆ ಬರುತ್ತಿರಲಿಲ್ಲ, ಮೂಟೆಗಳನ್ನು ಗಲ್ಲಿಯ ತುದಿಯಿಂದ ಹೊತ್ತು ತರಬೇಕಿತ್ತು. ಕಾಕಾನ ಹೊಟ್ಟೆಯೊಳಗಿನ ಸಿಟ್ಟು ಅದು. ಯಾವ ಅರ್ಜಿಯಲ್ಲೂ ಬಂದಿರಲಿಲ್ಲ. ಪ್ರತಿ ಜಗಳದಲ್ಲೂ ಇಂಥದೊಂದು ಸ್ಕೂಟರ್ ಇರುತ್ತದೆ, ಅದು ಸಿಗುವವರೆಗೆ ಕಾಗದ ಬರೆಯಬೇಡಿ.

ಕಾಗದದ ರೀತಿ ಹೀಗೆ. ಮೊದಲೆಲ್ಲ ಬಾಂಡ್ ಪೇಪರ್ ಮೇಲೆ ಬರೆಯುತ್ತಿದ್ದೆ. ಬಾಂಡ್ ಅಂದ ಕೂಡಲೇ ಮನೆಯಲ್ಲಿ ಹೆಂಗಸರು ಆಸ್ತಿ ಬರೆದುಕೊಡುತ್ತಿದ್ದಾರೆ ಅಂತ ಅಂಜುತ್ತಾರೆ, ಸಹಿ ಆಗುವುದಿಲ್ಲ. ಈಗ ಬಿಳಿ ಹಾಳೆ, ಕೈಬರಹ. ಪ್ರತಿಯೊಬ್ಬರೂ ತಾವು ಏನು ಮಾಡುತ್ತೇವೆ ಅಂತ ಮಾತ್ರ ಬರೆಯಬೇಕು, ಎದುರಿನವರು ಏನು ಮಾಡಬೇಕು ಅಂತ ಒಂದಕ್ಷರವೂ ಬರೆಯಕೂಡದು. ತಪ್ಪು ಯಾರದು ಅನ್ನುವ ಮಾತೂ ಇಲ್ಲ. ಗಂಟೆ, ಇಂಚು, ವಾರ, ಹೀಗೆ ಅಳೆಯಲು ಬರುವಂಥ ಮಾತೇ ಇರಬೇಕು. "ಸಾಧ್ಯವಾದಷ್ಟು" ಅನ್ನುವ ಶಬ್ದ ಬಂದರೆ ಹಾಳೆ ಹರಿದು ಹೊಸದು ಕೊಡುತ್ತೇನೆ. ಅವಧಿ ನಲವತ್ತೇ ದಿನ. ಜೀವನಪೂರ್ತಿ ಅಂದರೆ ಯಾರೂ ಒಪ್ಪುವುದಿಲ್ಲ, ನಲವತ್ತು ದಿನಕ್ಕೆ ಎಲ್ಲರೂ ಒಪ್ಪುತ್ತಾರೆ, ಅಷ್ಟರಲ್ಲಿ ರೂಢಿ ಬಿದ್ದಿರುತ್ತದೆ. ಮೂರನೇ ಸಾಲಿನಲ್ಲಿ ನಾನು ಒಂದು ಮಾತು ಬರೆಸುತ್ತೇನೆ. ಅದು ನನ್ನ ಕೈಯಲ್ಲೇ ಇರಲಿ.

ಕಾಕಾ ಬರೆದದ್ದು: ಗೋಡೆ ಕಡೆಯ ಎರಡು ಮಗ್ಗ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ನಡೆಸುವುದಿಲ್ಲ. ತುರ್ತಿದ್ದರೆ ವಾರಕ್ಕೆ ಒಂದು ರಾತ್ರಿ ಬೀದಿ ಕಡೆಯ ಒಂದು ಮಗ್ಗ 11ರವರೆಗೆ, ಮಧ್ಯಾಹ್ನವೇ ಹೇಳಿ ಕಳಿಸುತ್ತೇನೆ. ಹನ್ನೊಂದರ ಸಾಲನ್ನು ನಿಯಮ ಒಪ್ಪುವುದಿಲ್ಲ ಅಂತ ವಕೀಲ ಗೆಳೆಯರು ತಕರಾರು ತೆಗೆದರು. ಅವರ ಮಾತು ಖರೆ. ಆದರೆ ಮಾಸ್ತರರೇ ಸೈ ಅಂದರು, ಅದಕ್ಕೆ ಇಟ್ಟೆ. ಮಾಸ್ತರರು ಬರೆದದ್ದು: ಸ್ಕೂಟರ್ ನನ್ನ ಪಡಸಾಲೆಯ ಮೆಟ್ಟಿಲ ಕಡೆ ನಿಲ್ಲಿಸುತ್ತೇನೆ. ಹಗಲು ಮಗ್ಗದ ಬಗ್ಗೆ ಎಲ್ಲೂ ಅರ್ಜಿ ಕೊಡುವುದಿಲ್ಲ.

ಇನ್ನು ನಡುಕದ ಮಾತು. ಇದರಲ್ಲಿ ನಾನು ಎರಡು ತಿಂಗಳು ಮುಳುಗಿಹೋದೆ. ಮೊದಲು ಹಳೇ ಟೈರ್ ಕೊಯ್ದು ಮಗ್ಗದ ನಾಲ್ಕು ಕಾಲಿನ ಕೆಳಗೆ ಹಾಕಿದೆವು. ಟೈರ್ ಮೆತ್ತಗಾಗಿ ಮಗ್ಗ ತೂಗಾಡಿತು, ಎಳೆ ಕಡಿಯತೊಡಗಿದವು. ಮೂರನೇ ದಿನಕ್ಕೆ ಕಾಕಾ ಕಿತ್ತೆಸೆದರು, ಒಂದು ಸೀರೆಯೂ ಕೆಟ್ಟಿತು. ಆಮೇಲೆ ಗೋಡೆಗೆ ಗೋಣಿಚೀಲ, ಒಳಗೆ ಹತ್ತಿ ತುಂಬಿ ಹೊಡೆದೆವು. ಶಬ್ದ ಸ್ವಲ್ಪ ಇಳಿಯಿತು, ನಡುಕ ಇಳಿಯಲಿಲ್ಲ, ಇಲಿ ಬಂದವು. ಕೊನೆಗೆ ಉದ್ಯಮಬಾಗದಲ್ಲಿ ಕೆಲಸ ಮಾಡುವ ಒಬ್ಬ ಫಿಟರ್ ಗಟ್ಟಿ ರಬ್ಬರ್ ಶೀಟ್ ತಂದುಕೊಟ್ಟ, ಅರ್ಧ ಇಂಚಿನದು. ಎರಡು ಮಗ್ಗಗಳನ್ನೂ ಗೋಡೆಯಿಂದ ಒಂದು ಗೇಣು ಸರಿಸಿ, ಶೀಟ್ ಹಾಸಿ ಬೋಲ್ಟ್ ಬಿಗಿದೆವು. ಲಾಳಿಯನ್ನು ಹೊಡೆದು ದೂಡುವ ಪಿಕ್ಕರುಗಳು ಸವೆದಿದ್ದವು, ಅವನ್ನೂ ಬದಲಿಸಿದೆವು, ಅವು ಸವೆದರೆ ಲಾಳಿ ಬಡಿಯುವ ಸಪ್ಪಳ ಜೋರು. ಎಲ್ಲ ಸೇರಿ ಐದು ಸಾವಿರದ ಒಳಗೆ. ಮೊಬೈಲ್ ಆಪ್ ಹಿಡಿದು ನೋಡಿದರೆ ಮೊದಲು ಮಾಸ್ತರರ ಮಂಚದ ಹತ್ತಿರ 68ರ ಸುಮಾರು ತೋರಿಸುತ್ತಿತ್ತು, ಆಮೇಲೆ 55ರ ಆಸುಪಾಸು, ಅದೂ ಹಗಲು. ಮೊಬೈಲಿನ ಅಂಕಿಯನ್ನು ಯಾವ ಕಚೇರಿಗೂ ಸಾಕ್ಷಿ ಅಂತ ಒಯ್ಯಬೇಡಿ. ಇಬ್ಬರೂ ಒಂದೇ ಪರದೆ ನೋಡಿ ಒಂದೇ ಅಂಕಿ ಓದಿದರು, ನನಗೆ ಅಷ್ಟೇ ಬೇಕಿತ್ತು. ಲೋಟಗಳ ಸಪ್ಪಳ ನಿಂತಿತು.

ರೊಕ್ಕದ ಒಂದು ಕಟ್ಟುನಿಟ್ಟು ಇದೆ. ಖರ್ಚು ಅರ್ಧರ್ಧ. ನನ್ನ ಕೂಲಿಯೂ ಹಾಗೇ, ನಮ್ಮ ಗಲ್ಲಿಯವರಿಂದ ತಗೊಳ್ಳುವುದಿಲ್ಲ, ಹೊರಗಿನವರಾದರೆ ಇಬ್ಬರಿಂದಲೂ 500, 500. ಕರೆದವರೊಬ್ಬರೇ ಕೊಟ್ಟರೆ ಎದುರಿನವರಿಗೆ ನಾನು ಅವರ ಆಳು.

ಇದೇ ರೀತಿಯಲ್ಲಿ ಇದುವರೆಗೆ ಹದಿನಾಲ್ಕು ಜಗಳ ಹಿಡಿದಿದ್ದೇನೆ. ಒಂಬತ್ತು ಗಟ್ಟಿಯಾಗಿ ನಿಂತಿವೆ, ಅದರಲ್ಲಿ ನಾಲ್ಕು ಎರಡು ಮಳೆಗಾಲ ದಾಟಿವೆ. ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಅದರ ಬೆಲೆ ಗೊತ್ತು, ಇಲ್ಲಿ ಅರ್ಧ ಜಗಳ ಮನೆ ಮೇಲಿನ ಪತ್ರಾದ (ತಗಡಿನ) ನೀರಿನವೇ. ಶಹಾಪುರದಲ್ಲಿ ಅಂಥದೊಂದರಲ್ಲಿ ನಾನು ಮುಗ್ಗರಿಸಿದೆ. ಪಕ್ಕದ ಮನೆಯ ನೀರು ಇವರ ಸಂದಿಗೆ ಬೀಳಬಾರದು ಅಂತ ಪಟ್ಟು ಹಿಡಿಸಿದ್ದೆ. ಎದುರಿನವರು 1882ರ ಅನುಭೋಗ ಹಕ್ಕಿನ ಕಾಯ್ದೆ ತೋರಿಸಿದರು: 20 ವರ್ಷ ಯಾರ ಅಡ್ಡಿಯೂ ಇಲ್ಲದೇ ಬಹಿರಂಗವಾಗಿ ನಡೆದುಬಂದದ್ದು ಹಕ್ಕಾಗುತ್ತದೆ. ಅವರಜ್ಜನ ಹಂಚಿನ ಮನೆಯ ನೀರು ಅಲ್ಲೇ ಬೀಳುತ್ತಿತ್ತು. ಈಗ ಮೊದಲು ಕೇಳುವ ಪ್ರಶ್ನೆ, ಎಷ್ಟು ವರ್ಷದಿಂದ? ಆ ಮನೆಗೆ ಕೊನೆಗೆ ಒಂದು ಪೈಪು ಹಾಕಿ ನೀರನ್ನು ನೇರ ಗಟಾರಕ್ಕೆ ಇಳಿಸಿದೆವು, 1,800 ಆಯಿತು.

ಜಾಗದ ತಕರಾರು ಇದ್ದರೆ ಮಾತು ಬೇಡ, ಮೊದಲು ಸಿಟಿ ಸರ್ವೆಯಿಂದ ಅಳತೆ. ಪಕ್ಕದವರು ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಡದೇ ಕಟ್ಟಿದ್ದಾರೆ ಅನ್ನುವವರಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಡುತ್ತೇನೆ, ಮಂಜೂರಾದ ನಕ್ಷೆಯ ಪ್ರತಿ ಬೇಕು ಅಂತ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ 150 ಶಬ್ದದೊಳಗೆ, ಒಂದೇ ವಿಷಯ. ನಕ್ಷೆ ಕೈಗೆ ಬಂದ ಮೇಲೆ ಎಷ್ಟೋ ಸಲ ದೂರು ಕೊಡಬೇಕೆಂದು ಬಂದವರದೇ ಗೋಡೆ ಮುಂದೆ ಬಂದಿರುತ್ತದೆ.

ನಾಯಿಗೆ ಅನ್ನ ಹಾಕುವ ಜಗಳ ಈಗೀಗ ಹೆಚ್ಚು. ಅನಗೋಳದಲ್ಲಿ ಒಬ್ಬ ತಾಯಿ ದಿನಾ ಮೆಟ್ಟಿಲ ಹತ್ತಿರವೇ ರೊಟ್ಟಿ ಹಾಕುತ್ತಿದ್ದರು, ಎದುರು ಮನೆಯ ಮಗು ಅಂಜುತ್ತಿತ್ತು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿ, ನಾಯಿಗೆ ಅನ್ನ ಹಾಕಲು ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲಿನಿಂದ ದೂರ ಒಂದು ಜಾಗ ಗೊತ್ತುಮಾಡಬೇಕು ಅಂತಿದೆ. ಹಾಕಬೇಡಿ ಅನ್ನಲಿಲ್ಲ, ಜಾಗ ಮತ್ತು ಹೊತ್ತು ಬದಲಿಸಿದೆವು. ಅದಕ್ಕೆ ನಲವತ್ತು ದಿನವೂ ಬೇಕಾಗಲಿಲ್ಲ. ಕಸ ಎಸೆಯುವುದು ನಿಲ್ಲಲಿ ಅಂತ ಕಸದ ಮೂಲೆಗೆ ರಂಗೋಲಿ ಹಾಕಿಸಿದ್ದು ಮಾತ್ರ ಬರೇ ಹನ್ನೊಂದು ದಿನ ನಡೆಯಿತು, ತುಳಸಿ ಕುಂಡ ಇಟ್ಟೆವು, ಕುಂಡವೇ ಹೋಯಿತು.

ಮುರಿದುಬಿದ್ದ ಮೂರರಲ್ಲಿ ಎರಡು ಅಣ್ಣತಮ್ಮಂದಿರ ಪಾಲಿನವು, ಒಂದು ಕುಡಿತದ್ದು. ಅವಕ್ಕೆ ಈ ಕಾಗದ ಆಗುವುದಿಲ್ಲ. ಹಬ್ಬದ ಸ್ಪೀಕರಿನ ತಕರಾರನ್ನೂ ನಾನು ಹಿಡಿಯುವುದಿಲ್ಲ, ಆ ಹೊತ್ತಿಗೆ 112ಕ್ಕೆ ಫೋನ್ ಮಾಡುವುದೇ ಸರಿ. ಹದಿನಾಲ್ಕರಲ್ಲಿ ಉಳಿದ ಎರಡನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಪಕ್ಕದಲ್ಲಿ ಪಾಯ ತೋಡಿ ಗೋಡೆ ಸೀಳಿದ್ದ ಒಂದು ಪ್ರಕರಣ, ದಾವೆ ಹೂಡದೇ ನೇರ ಲೋಕ ಅದಾಲತ್ತಿನಲ್ಲಿ ಮುಗಿಯಿತು. ಫೀ ಇಲ್ಲ. ಅಲ್ಲಿ ಬರೆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲೆ ಅಪೀಲು ಇಲ್ಲ. 18 ಸಾವಿರಕ್ಕೆ ಒಪ್ಪಿದರು. ಅದಾಲತ್ತಿಗೆ ನಮ್ಮ ಬಿಳಿ ಹಾಳೆಯನ್ನೇ ಒಯ್ದಿದ್ದರು, ಅದರಿಂದಲೇ ಅರ್ಧ ಕೆಲಸ ಆಗಿತ್ತು. ಕಾಗದಕ್ಕೆ ಬಲವಿಲ್ಲ ಅನ್ನುತ್ತಿದ್ದ ವಕೀಲ ಗೆಳೆಯರು ಅವತ್ತು ನನ್ನ ನಮೂನೆಯ ಜೆರಾಕ್ಸ್ ಕೇಳಿದರು. ಕೊಟ್ಟೆ, ಮೂರನೇ ಸಾಲು ಬಿಟ್ಟು.

ಕಾಕಾ-ಮಾಸ್ತರರ ಕಾಗದವನ್ನು ಈಗ ಎಷ್ಟೋ ಸಲ ಮುಂದುವರಿಸಿದ್ದೇವೆ. ಕಳೆದ ಸಲ ಇಬ್ಬರೂ ಓದದೇ ಸಹಿ ಹಾಕಿದರು. ರಬ್ಬರ್ ಶೀಟು ವರ್ಷದೊಳಗೇ ಚಪ್ಪಟೆಯಾಗುತ್ತದೆ, ಮಳೆಗಾಲದ ಮುಂಚೆ ಬದಲಿಸಬೇಕು. ಈ ಸಲ ಪೂರ್ತಿ ರೊಕ್ಕ ಮಾಸ್ತರರೇ ಕೊಟ್ಟರು, ಅರ್ಧರ್ಧ ಅಂತ ನಾನು ಎಷ್ಟು ಹೇಳಿದರೂ ಕೇಳಲಿಲ್ಲ.