ಜನ ಎದ್ದ ತಕ್ಷಣ ಕ್ಲೋರಿನ್: ಹಾಟ್ ಟಬ್ ನೀರನ್ನು ನಾನು ನೋಡಿಕೊಳ್ಳುವ ಬಗೆ

ಹಾಟ್ ಟಬ್‌ನ ನೀರು ಕೆಡುವುದು ಕೊನೆಯವರು ಎದ್ದು ಹೋದ ಮೇಲಿನ ಹೊತ್ತಿನಲ್ಲಿ. ಮೈ ಬೆವರು, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಬಟ್ಟೆಯಲ್ಲಿ ಉಳಿದ ಸೋಪಿನ ಅಂಶ ಎಲ್ಲವೂ ನೀರಿನಲ್ಲೇ ಇರುತ್ತವೆ, ಇದ್ದ ಕ್ಲೋರಿನ್ ಖರ್ಚಾಗಿರುತ್ತದೆ, ಅದರ ಮೇಲೆ ಮುಚ್ಚಳ ಹಾಕಿ ಹೋಗುತ್ತಾರೆ. ಒಳಗೆ 38 ಡಿಗ್ರಿ ಕಾವು. ಬೆಳಿಗ್ಗೆ ಹಾಕಿದರಾಯಿತು ಎಂದು ಬಿಟ್ಟರೆ ಆ ಎಂಟು ಹತ್ತು ಗಂಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಪೈಪಿನೊಳಗೆ ಲೋಳೆ ಕಟ್ಟಲು ಶುರುವಾಗುತ್ತದೆ. ಶ್ರೀರಂಗಪಟ್ಟಣ, ಮೈಸೂರು ಸುತ್ತಿನ ಮನೆ, ಹೋಮ್‌ಸ್ಟೇಗಳ ಟಬ್‌ಗಳನ್ನು ನಾನು ನೋಡಿಕೊಳ್ಳುವ ಕ್ರಮವೆಲ್ಲ ಇದೊಂದರ ಮೇಲೆ ನಿಂತಿದೆ: ಜನ ಎದ್ದ ತಕ್ಷಣ ಕ್ಲೋರಿನ್, ಅದೂ ಎಷ್ಟು ಜನ ಎಷ್ಟು ಹೊತ್ತು ಕೂತಿದ್ದರು ಎಂಬ ಲೆಕ್ಕದಲ್ಲಿ.

ಮೊದಲು ತುಂಬಿಸುವ ನೀರಿನ ವಿಷಯ, ಏಕೆಂದರೆ ನಮ್ಮ ಕಡೆ ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ಮೈಸೂರಿನ ನಲ್ಲಿಗೆ ಬರುವ ಕಾವೇರಿ, ಕಬಿನಿ ನೀರು ಟಬ್‌ಗೆ ಒಳ್ಳೆಯದು. ಮಳೆಗಾಲದಲ್ಲಿ ಸ್ವಲ್ಪ ಕದಡಿದ್ದರೆ ಫಿಲ್ಟರ್ ಹಾಕಿದ ಮೆದುಗೊಳವೆಯಲ್ಲಿ ತುಂಬಿಸುತ್ತೇನೆ. ಮಂಡ್ಯ, ಮದ್ದೂರು ಕಡೆಯ ಬೋರ್ ನೀರು ಬೇರೆ ಕಥೆ. ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕೂರಿಸುವ ಅದೇ ನೀರು ಟಬ್‌ನ ಹೀಟರ್ ಮೇಲೂ ಕೂರಿಸುತ್ತದೆ. ಗಡಸುತನ 150ರಿಂದ 250 ಪಿಪಿಎಂ (ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಅಳತೆ) ಒಳಗಿರಬೇಕು. ಸಾಫ್ಟ್‌ನರ್ ಇದೆ ಎಂದು ಪೂರ್ತಿ ಅದರ ನೀರನ್ನೇ ತುಂಬಿಸಬೇಡಿ: ಗಡಸುತನ ಸೊನ್ನೆಯಾದ ನೀರು ಬೇಗ ನೊರೆ ಕಟ್ಟುತ್ತದೆ, ಸಿಮೆಂಟಿನ ಟಬ್ ಆದರೆ ಅದರ ಗಾರೆಯನ್ನೂ ತಿನ್ನುತ್ತದೆ. ಬೋರ್ ನೀರು 500 ಪಿಪಿಎಂ ಇದ್ದರೆ 1200 ಲೀಟರ್ ಟಬ್‌ಗೆ 360 ಲೀಟರ್ ಬೋರ್ ನೀರು, 840 ಲೀಟರ್ ಸಾಫ್ಟ್‌ನರ್ ನೀರು ಬೆರೆಸಿದರೆ 150ಕ್ಕೆ ಬರುತ್ತದೆ. ಸಾಫ್ಟ್‌ನರ್ ಗಡಸುತನ ಕಳೆಯುತ್ತದೆ, ಕ್ಷಾರೀಯತೆಯನ್ನು (ಅಡುಗೆ ಸೋಡಾದಂಥ, ಆಸಿಡ್ ಹೀರಿಕೊಳ್ಳುವ ಅಂಶವನ್ನು) ಮುಟ್ಟುವುದಿಲ್ಲ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಆಮೇಲೆ ಪಿಎಚ್ (ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ಯಾಕೆ ದಿನಾ ಏರುತ್ತಿದೆ ಎಂದು ಕೇಳುತ್ತಾರೆ. ಕ್ಲೋರಿನ್ ಹಾಕಿದೊಡನೆ ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಬೋರ್‌ನಲ್ಲಿ ಕಬ್ಬಿಣದ ಅಂಶ ಇದೆ ಎಂದರ್ಥ. ಆಗ ಕಾವೇರಿ ನೀರಿನ ಟ್ಯಾಂಕರ್ ತರಿಸುವುದೇ ಸುಲಭ.

ಮುಂದಿನ ಲೆಕ್ಕವೆಲ್ಲ 1200 ಲೀಟರ್ ಟಬ್‌ಗೆ. ಕ್ಷಾರೀಯತೆ 80 ಪಿಪಿಎಂ ಹತ್ತಿರ ಇರಲಿ. 40 ಇದ್ದರೆ 80 ಗ್ರಾಂ ಅಡುಗೆ ಸೋಡಾ ಬಕೆಟ್‌ನಲ್ಲಿ ಕರಗಿಸಿ ಸುರಿದರೆ ಸಾಕು. ಬೋರ್ ನೀರಿನಲ್ಲಿ 250, 300 ಇರುವುದೂ ಉಂಟು. ಅದನ್ನು ಇಳಿಸಲು ಆಸಿಡ್ ಬೇಕು: 30 ಶೇಕಡಾ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 24 ಮಿಲಿಲೀಟರ್ ಹಾಕಿದರೆ 10 ಪಿಪಿಎಂ ಇಳಿಯುತ್ತದೆ. ಒಂದೇ ಸಲ ಸುರಿಯುವಂತಿಲ್ಲ. 50 ಮಿಲಿಲೀಟರ್‌ನಂತೆ, ಬಕೆಟ್ ನೀರಿಗೆ ಆಸಿಡ್ ಬೆರೆಸಿ (ಆಸಿಡ್‌ಗೆ ನೀರಲ್ಲ), ಪಂಪ್ ಓಡುತ್ತಿರುವಾಗ ಹಾಕಿ, ಪಿಎಚ್ 7ಕ್ಕೆ ಬಂದಾಗ ನಿಲ್ಲಿಸಿ, ಗಾಳಿ ಜೆಟ್ ಬಿಡಬೇಕು. ಗುಳ್ಳೆಯ ಜೊತೆ ಕಾರ್ಬನ್ ಡೈಆಕ್ಸೈಡ್ ಹೋಗಿ ಪಿಎಚ್ ಮೇಲೆ ಬರುತ್ತದೆ, ಕ್ಷಾರೀಯತೆ ಇಳಿದಲ್ಲೇ ಉಳಿಯುತ್ತದೆ. ಮತ್ತೆ ಆಸಿಡ್, ಮತ್ತೆ ಗಾಳಿ. ಒಂದು ದಿನ ಹಿಡಿಯುವ ಕೆಲಸ. ಆತುರಪಟ್ಟರೆ ಪಿಎಚ್ ತೀರಾ ಕೆಳಗಿಳಿದು ಹೀಟರ್‌ನ ಲೋಹಕ್ಕೆ ಪೆಟ್ಟು.

ಪಿಎಚ್ 7.2ರಿಂದ 7.6. ಕಣ್ಣು ಉರಿಯದಿರಲಿ ಎಂಬುದಷ್ಟೇ ಇದರ ಕಾರಣವಲ್ಲ. ಪಿಎಚ್ 7.5ರಲ್ಲಿ ಕ್ಲೋರಿನ್‌ನ ಅರ್ಧದಷ್ಟು ಕೊಲ್ಲುವ ರೂಪದಲ್ಲಿರುತ್ತದೆ, 8ಕ್ಕೆ ಏರಿದರೆ ಕಾಲುಭಾಗ ಮಾತ್ರ. ಡಬ್ಬ ಖಾಲಿಯಾಗುತ್ತಿದ್ದರೂ ನೀರು ತಿಳಿಯಾಗದ ಟಬ್ ಕಂಡರೆ ನಾನು ಮೊದಲು ನೋಡುವುದು ಪಿಎಚ್.

ಇನ್ನು ಕ್ಲೋರಿನ್. ಸಾವಿರ ಲೀಟರ್‌ಗೆ ಒಂದು ಗ್ರಾಂ ಶುದ್ಧ ಕ್ಲೋರಿನ್ ಎಂದರೆ 1 ಪಿಪಿಎಂ, ನಮ್ಮ ಟಬ್‌ಗೆ 1.2 ಗ್ರಾಂ. ಡೈಕ್ಲೋರ್ ಹರಳಿನಲ್ಲಿ ಶೇಕಡಾ 56 ಕ್ಲೋರಿನ್, ಹಾಗಾಗಿ 1 ಪಿಪಿಎಂಗೆ 2.1 ಗ್ರಾಂ. ಶೇಕಡಾ 10ರ ಸೋಡಿಯಂ ಹೈಪೋಕ್ಲೋರೈಟ್ ದ್ರವವಾದರೆ 12 ಮಿಲಿಲೀಟರ್. ಜನ ಇಳಿಯುವಾಗ 3ರಿಂದ 5 ಪಿಪಿಎಂ ಇರಬೇಕು. ಒಬ್ಬರು ಒಂದು ಗಂಟೆ ಕೂತರೆ ಅವರ ಮೈಯಿಂದ ಬಂದದ್ದನ್ನು ಸುಡಲು ಹೆಚ್ಚುಕಡಿಮೆ 8ರಿಂದ 10 ಗ್ರಾಂ ಕ್ಲೋರಿನ್ ಬೇಕು: ಡೈಕ್ಲೋರ್ ಆದರೆ 16 ಗ್ರಾಂ, ದ್ರವ ಆದರೆ 90 ಮಿಲಿಲೀಟರ್. ಇಬ್ಬರು ಅರ್ಧ ಗಂಟೆ ಕೂತರೂ ಅಷ್ಟೇ. ಟಬ್ ದೊಡ್ಡದಿರಲಿ ಚಿಕ್ಕದಿರಲಿ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ಕೊಳೆ ಬರುವುದು ಜನರಿಂದ. ಚಮಚದ ಅಳತೆ ನಂಬಬೇಡಿ, ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಳ್ಳಿ.

ಡೈಕ್ಲೋರ್ ಬಳಸುವವರು ಒಂದು ಮಿತಿ ನೆನಪಿಡಬೇಕು. ಅದರ ಜೊತೆ ಸೈನ್ಯೂರಿಕ್ ಆಸಿಡ್ ಬರುತ್ತದೆ. ಕ್ಲೋರಿನ್ ಖರ್ಚಾದರೂ ಅದು ನೀರಿನಲ್ಲೇ ಸೇರುತ್ತಾ ಹೋಗುತ್ತದೆ, ಸೇರಿದಷ್ಟೂ ಕ್ಲೋರಿನ್‌ನ ಕೆಲಸ ನಿಧಾನ. 10 ಪಿಪಿಎಂ ಕ್ಲೋರಿನ್ ಹಾಕಿದರೆ 9 ಪಿಪಿಎಂ ಸೈನ್ಯೂರಿಕ್. ಹೊಸ ನೀರಿಗೆ ಒಟ್ಟು 70 ಗ್ರಾಂ ಡೈಕ್ಲೋರ್ ಮುಗಿಯುವ ಹೊತ್ತಿಗೆ ಅದು 30 ಪಿಪಿಎಂ ಆಗಿರುತ್ತದೆ. ಅಲ್ಲಿಗೆ ನಿಲ್ಲಿಸಿ ದ್ರವಕ್ಕೆ ಬದಲಾಯಿಸುತ್ತೇನೆ. ಇದು ಮನೆಯವರಷ್ಟೇ ಬಳಸುವ ಟಬ್‌ಗೆ. ದಿನಾ ಹೊಸ ಅತಿಥಿಗಳು ಬರುವ ಕಡೆ ಸೈನ್ಯೂರಿಕ್ ಬೇಡವೇ ಬೇಡ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆಯೂ ಇದೇ. ಅಲ್ಲಿ ದ್ರವ ಕ್ಲೋರಿನ್ ಇಲ್ಲವೇ ಬ್ರೋಮಿನ್. ಸುಮಾರು 50 ಗ್ರಾಂ ಸೋಡಿಯಂ ಬ್ರೋಮೈಡ್ ಹಾಕಿಟ್ಟರೆ, ಆಮೇಲೆ ಹಾಕುವ ಕ್ಲೋರಿನ್ ಅದನ್ನು ಬ್ರೋಮಿನ್ ಮಾಡುತ್ತದೆ. 4ರಿಂದ 6 ಪಿಪಿಎಂ ಕಾಯ್ದುಕೊಳ್ಳಬೇಕು. ಪಿಎಚ್ ಸ್ವಲ್ಪ ಏರಿದರೂ ಬ್ರೋಮಿನ್ ಕ್ಲೋರಿನ್‌ನಷ್ಟು ಸೋಲುವುದಿಲ್ಲ, ಘಾಟೂ ಕಡಿಮೆ. ದಸರಾ ಸಮಯದಲ್ಲಿ ರೂಮು ಖಾಲಿಯೇ ಇರದ ಹೋಮ್‌ಸ್ಟೇಗಳಿಗೆ ನನ್ನ ಆಯ್ಕೆ ಇದೇ. ಒಮ್ಮೆ ಬ್ರೋಮೈಡ್ ಹಾಕಿದರೆ ನೀರು ಬದಲಿಸುವವರೆಗೆ ಅದು ಬ್ರೋಮಿನ್ ಟಬ್ಬೇ.

ಈಜುಕೊಳದ ದಪ್ಪ ಮಾತ್ರೆ ತಂದು ತೇಲಿಬಿಡುವವರಿದ್ದಾರೆ. ಅದು ಟ್ರೈಕ್ಲೋರ್, ತೀರಾ ಆಮ್ಲೀಯ. ಬಿಸಿನೀರಿನಲ್ಲಿ ಬೇಗ ಕರಗಿ ಪಿಎಚ್ ಬೀಳಿಸುತ್ತದೆ, ಮಾತ್ರೆ ತಾಗಿ ನಿಂತ ಕಡೆ ಅಕ್ರಿಲಿಕ್ ಬಣ್ಣ ಬಿಡುತ್ತದೆ. ಪಂಚಾಯ್ತಿಯವರು ಓವರ್‌ಹೆಡ್ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಇಲ್ಲಿಗೆ ಆಗದು: ಕರಗದ ಸುಣ್ಣ ಫಿಲ್ಟರ್ ಕಾರ್ಟ್ರಿಡ್ಜ್‌ನ ಮಡಿಕೆಗಳಲ್ಲಿ ಕೂರುತ್ತದೆ. ಟ್ರೈಕ್ಲೋರ್ ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಒಂದೇ ಕಪಾಟಿನಲ್ಲಿ ಇಡುವುದೂ ಬೇಡ, ಒಂದೇ ಚಮಚ ಬಳಸುವುದೂ ಬೇಡ. ಎರಡೂ ಸೇರಿದರೆ ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಕ್ಲೋರಿನ್‌ಗೆ ಆಸಿಡ್ ತಾಗಿದರೆ ವಿಷಾನಿಲ. ಟಬ್‌ಗೂ ಇವೆರಡನ್ನು ಅರ್ಧ ಗಂಟೆ ಅಂತರವಿಟ್ಟು ಹಾಕುತ್ತೇನೆ.

ಶಾಕ್ ಅಂದರೆ ಏನು, ಯಾವಾಗ? ಕೊಳೆ ಸುಡಲು ಒಂದೇ ಸಲಕ್ಕೆ ಹೆಚ್ಚು ಕ್ಲೋರಿನ್ ಹಾಕುವುದೇ ಶಾಕ್. ಟಬ್ ಹತ್ತಿರ ಹೋದರೆ ಮೂಗಿಗೆ ಕ್ಲೋರಿನ್ ಘಾಟು ಹೊಡೆದರೆ ಹೆಚ್ಚಾಗಿದೆ ಎಂದು ಜನ ಹಾಕುವುದನ್ನೇ ನಿಲ್ಲಿಸುತ್ತಾರೆ. ಆ ಘಾಟು ಬೆವರಿನ ಅಮೋನಿಯಾ ಜೊತೆ ಸೇರಿ ಸತ್ವ ಕಳೆದುಕೊಂಡ ಕ್ಲೋರಮೈನ್‌ನದು. ಅದಕ್ಕೆ ಬೇಕಾದದ್ದು ಇನ್ನಷ್ಟು ಕ್ಲೋರಿನ್. ಡಿಪಿಡಿ ಕಿಟ್‌ನಲ್ಲಿ (ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ಬರುವ ಪರೀಕ್ಷೆ) ಒಟ್ಟು ಕ್ಲೋರಿನ್, ಮುಕ್ತ ಕ್ಲೋರಿನ್ (ಇನ್ನೂ ಸತ್ವ ಇರುವುದು) ಎರಡನ್ನೂ ಅಳೆದು ಕಳೆಯಿರಿ. ವ್ಯತ್ಯಾಸ 0.5 ಪಿಪಿಎಂ ದಾಟಿದರೆ ಆ ವ್ಯತ್ಯಾಸದ ಹತ್ತು ಪಟ್ಟು ಹಾಕಬೇಕು. ಒಟ್ಟು 4, ಮುಕ್ತ 2.8 ಇದ್ದರೆ ವ್ಯತ್ಯಾಸ 1.2, ಹಾಕಬೇಕಾದದ್ದು 12 ಪಿಪಿಎಂ, ಅಂದರೆ 145 ಮಿಲಿಲೀಟರ್ ದ್ರವ. ಇದರಲ್ಲಿ ಜಿಪುಣತನ ಮಾಡಿ ಅರ್ಧ ಹಾಕಿದರೆ ಕ್ಲೋರಮೈನ್ ಒಡೆಯುವುದಿಲ್ಲ, ಘಾಟು ಮೊದಲಿಗಿಂತ ಹೆಚ್ಚುತ್ತದೆ. ಘಾಟಿಲ್ಲದಿದ್ದರೂ ವಾರಕ್ಕೊಮ್ಮೆ 10 ಪಿಪಿಎಂಗೆ ಏರಿಸುತ್ತೇನೆ. 3 ಇದ್ದಲ್ಲಿಂದ ಏರಿಸಲು 84 ಮಿಲಿಲೀಟರ್. ಜೆಟ್ ಓಡುತ್ತಿರಬೇಕು, ಮುಚ್ಚಳ ಅರ್ಧ ಗಂಟೆ ಪೂರ್ತಿ ತೆಗೆದಿರಬೇಕು. ಮುಚ್ಚಿದರೆ ಆವಿ ಮುಚ್ಚಳದ ಒಳಮೈಯನ್ನೂ ತಲೆದಿಂಬನ್ನೂ ಸುಟ್ಟು ಬಿರುಕು ಬಿಡಿಸುತ್ತದೆ. 5 ಪಿಪಿಎಂಗೆ ಇಳಿಯುವವರೆಗೆ ಯಾರನ್ನೂ ಇಳಿಸಬೇಡಿ.

ಕ್ಲೋರಿನ್ ಇಲ್ಲದ ಶಾಕ್ ಪುಡಿ, ಪೊಟ್ಯಾಸಿಯಂ ಮೊನೊಪರ್‌ಸಲ್ಫೇಟ್, 35 ಗ್ರಾಂ ಹಾಕಿದರೆ ಕೊಳೆಯನ್ನು ಸುಡುತ್ತದೆ. ಕ್ಲೋರಿನ್‌ನ ಬದಲಿಗೆ ಅದನ್ನು ನೆಚ್ಚುವ ಹಾಗಿಲ್ಲ, ರೋಗಾಣು ಕೊಲ್ಲುವುದರಲ್ಲಿ ಅದು ದುರ್ಬಲ. ಹಾಕಿದ ಮರುದಿನ ಡಿಪಿಡಿಯಲ್ಲಿ ಕ್ಲೋರಮೈನ್ ಇದ್ದಂತೆ ತೋರಿಸುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ.

ಅಳತೆ ದಾರಿ ತಪ್ಪಿಸುವ ಇನ್ನೆರಡು ಸಂದರ್ಭಗಳಿವೆ. ಕ್ಲೋರಿನ್ 10 ಪಿಪಿಎಂ ಮೀರಿ ಬಹಳ ಹೆಚ್ಚಿದ್ದರೆ ಡಿಪಿಡಿಯ ಗುಲಾಬಿ ಬಣ್ಣ ಬಿಳಿಚಿ ಸೊನ್ನೆ ಇದ್ದಂತೆ ಕಾಣುತ್ತದೆ. ಹನಿ ಬಿದ್ದೊಡನೆ ಗುಲಾಬಿ ಮಿಂಚಿ ಮಾಯವಾದರೆ ಇದೇ ಕಾರಣ. ಒಂದು ಪಾಲು ಟಬ್ ನೀರನ್ನು ಒಂಬತ್ತು ಪಾಲು ಶುದ್ಧ ನೀರಿಗೆ ಬೆರೆಸಿ ಅಳೆದು, ಬಂದದ್ದನ್ನು ಹತ್ತರಿಂದ ಗುಣಿಸಿ. ಅದೇ ಹೊತ್ತಿನಲ್ಲಿ ಪಿಎಚ್ ಬಣ್ಣ ನೇರಳೆಗೆ ತಿರುಗಿ ಸುಳ್ಳು ಹೇಳುತ್ತದೆ, ಆದ್ದರಿಂದ ಶಾಕ್ ಮಾಡುವ ಮೊದಲೇ ಪಿಎಚ್ ಸರಿಮಾಡಿಕೊಳ್ಳಿ. ಹಳದಿ ಬಣ್ಣ ಬರುವ ಹಳೆಯ ಕಿಟ್‌ನಲ್ಲಿ ಮುಕ್ತ ಕ್ಲೋರಿನ್ ಬೇರೆಯಾಗಿ ಸರಿಯಾಗಿ ಗೊತ್ತಾಗುವುದಿಲ್ಲ, ಟಬ್‌ಗೆ ಅದು ಸಾಲದು.

ಇಷ್ಟು ಮಾಡಿದರೂ ಕ್ಲೋರಿನ್ ನಿಲ್ಲದಿದ್ದರೆ ಪೈಪಿನ ಒಳಗಿನ ಲೋಳೆಯನ್ನು ಅನುಮಾನಿಸುತ್ತೇನೆ. ಪರೀಕ್ಷೆ ಸುಲಭ: ಯಾರೂ ಇಳಿಯದ ದಿನ 5 ಪಿಪಿಎಂ ಮಾಡಿ ಮುಚ್ಚಿ, 24 ಗಂಟೆ ಬಿಟ್ಟು ಅಳೆಯಿರಿ. ಓಜೋನ್ ಯಂತ್ರ ಇಲ್ಲದ ಟಬ್‌ನಲ್ಲಿ ಕಾಲುಭಾಗ ಕರಗಿದ್ದರೆ ಸರಿ, ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ಒಳಗೆ ಏನೋ ತಿನ್ನುತ್ತಿದೆ. ಆಗ ಫಿಲ್ಟರ್, ತಲೆದಿಂಬು ತೆಗೆದು, 600 ಮಿಲಿಲೀಟರ್ ದ್ರವ ಸುರಿದು 50 ಪಿಪಿಎಂ ಮಾಡಿ, ಎಲ್ಲ ಜೆಟ್‌ಗಳನ್ನೂ ಸರದಿಯಂತೆ ತೆರೆದು ಒಂದು ಗಂಟೆ ಓಡಿಸಬೇಕು. ಕಂದು ಚೂರು, ಬೂದು ನೊರೆ ಮೇಲೆ ಬರುತ್ತದೆ. ಆ ನೀರನ್ನು ಪೂರ್ತಿ ಖಾಲಿಮಾಡಿ, ತೊಳೆದು, ಹೊಸ ನೀರು ತುಂಬಿಸಬೇಕು.

ಈ ಲೋಳೆಯ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಮೈಮೇಲೆ ಕೆಂಪು ಗುಳ್ಳೆ ಎಬ್ಬಿಸುವ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾ ಅದರಲ್ಲೇ ಅಡಗಿರುತ್ತದೆ, ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಕೂಡ. ಎರಡನೆಯದು ಜೆಟ್ ಎಬ್ಬಿಸುವ ತುಂತುರಿನ ಮೂಲಕ ಶ್ವಾಸಕೋಶಕ್ಕೆ ಹೋಗುತ್ತದೆ. 1999ರಲ್ಲಿ ನೆದರ್ಲೆಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಹೂವಿನ ಪ್ರದರ್ಶನದಲ್ಲಿ ಮಾದರಿಗೆಂದು ಇಟ್ಟಿದ್ದ ಬಿಸಿನೀರಿನ ಟಬ್‌ನಿಂದ ಹಲವರು ಪ್ರಾಣ ಕಳೆದುಕೊಂಡರು. ಅವರು ಅದರಲ್ಲಿ ಇಳಿದವರೂ ಅಲ್ಲ, ಪಕ್ಕದಲ್ಲಿ ಹಾದುಹೋದವರು. ನಮ್ಮ ಕಡೆ ಕರೆಂಟು ಗಂಟೆಗಟ್ಟಲೆ ಹೋದರೆ ಪಂಪ್ ನಿಂತು ನೀರು ಬೆಚ್ಚಗೆ ಕೂರುತ್ತದೆ, ಕ್ಲೋರಿನ್ ಸೊನ್ನೆಗೆ ಬರುತ್ತದೆ. ಕರೆಂಟು ಬಂದೊಡನೆ ಜೆಟ್ ಹಾಕಿ ಅತಿಥಿಗಳನ್ನು ಕೂರಿಸುವುದು ಅಪಾಯ. ಮೊದಲು ಅಳೆದು, 10 ಪಿಪಿಎಂಗೆ ಏರಿಸಿ, ಅದು 5ಕ್ಕೆ ಇಳಿಯುವವರೆಗೆ ಕಾಯಬೇಕು.

ಫಿಲ್ಟರ್ ಕಾರ್ಟ್ರಿಡ್ಜ್ ಎರಡು ಇರಲಿ. ವಾರಕ್ಕೊಮ್ಮೆ ಮಡಿಕೆ ಬಿಡಿಸಿ ನೀರು ಹಾಯಿಸಿ, ತಿಂಗಳಿಗೊಮ್ಮೆ ಟ್ರೈಸೋಡಿಯಂ ಫಾಸ್ಫೇಟ್ ದ್ರಾವಣದಲ್ಲಿ (20 ಲೀಟರ್‌ಗೆ 250 ಗ್ರಾಂ) ರಾತ್ರಿಯಿಡೀ ನೆನೆಸಿ. ಬೋರ್ ನೀರಿನ ಬಿಳಿ ಪದರ ಇದ್ದರೆ ಆಮೇಲೆ, ಚೆನ್ನಾಗಿ ಜಾಲಿಸಿ, ಒಂದಕ್ಕೆ ಇಪ್ಪತ್ತು ಪಾಲು ನೀರು ಬೆರೆಸಿದ ಆಸಿಡ್. ಕ್ರಮ ತಿರುಗಿಸಿ ಆಸಿಡ್ ಮೊದಲು ಹಾಕಿದರೆ ಎಣ್ಣೆ ಜಿಡ್ಡು ಬಟ್ಟೆಗೆ ಅಂಟಿ ಕೂರುತ್ತದೆ, ಮತ್ತೆ ಬಿಡುವುದಿಲ್ಲ.

ಎಣ್ಣೆಸ್ನಾನ, ಮಸಾಜ್ ಮುಗಿಸಿ ನೇರ ಟಬ್‌ಗೆ ಬರುವುದನ್ನು ತಡೆಯಲೇಬೇಕು. ಸೀಗೆಪುಡಿಯೋ ಸೋಪೋ ಹಾಕಿ ಜಿಡ್ಡು ಹೋಗುವಂತೆ ಸ್ನಾನಮಾಡಿ, ಪೂರ್ತಿ ತೊಳೆದುಕೊಂಡು ಬಂದರೆ ಕ್ಲೋರಿನ್ ಖರ್ಚು ಎದ್ದು ಕಾಣುವಷ್ಟು ಇಳಿಯುತ್ತದೆ. ನೊರೆ ಬಂದಾಗ ನೊರೆ ಕೊಲ್ಲುವ ಔಷಧಿ ಸುರಿಯುವುದು ಆ ಸಂಜೆಗಷ್ಟೇ ಉಪಾಯ.

ನೀರು ಬದಲಿಸುವುದಕ್ಕೆ ಒಂದು ಲೆಕ್ಕ ಇದೆ: ಟಬ್‌ನ ಲೀಟರನ್ನು 12ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಇಳಿಯುವವರ ಸಂಖ್ಯೆಯಿಂದ ಭಾಗಿಸಿ. 1200 ಲೀಟರ್, ದಿನಕ್ಕೆ ನಾಲ್ವರು ಎಂದರೆ 25 ದಿನ. ಹಳೆಯ ನೀರನ್ನು ನೇರ ನಾಲೆಗೆ ಬಿಡಬೇಡಿ, ಮೀನಿಗೆ ಸ್ವಲ್ಪ ಕ್ಲೋರಿನ್ನೂ ಆಗದು. ಹೀಟರ್ ಆರಿಸಿ, ಮುಚ್ಚಳ ತೆಗೆದು ಎರಡು ಮೂರು ದಿನ ಬಿಸಿಲಿಗೆ ಬಿಡಿ, ಇಲ್ಲವೇ 3 ಪಿಪಿಎಂ ಇರುವ ನೀರಿಗೆ 25 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ. ಅಳೆದು ಸೊನ್ನೆ ಬಂದ ಮೇಲೆ ತೆಂಗಿನ ಬುಡಕ್ಕೆ ಬಿಡಬಹುದು. ಬ್ರೋಮಿನ್ ಟಬ್‌ನ ನೀರನ್ನು ಮಾತ್ರ ಗಿಡಕ್ಕೆ ಹಾಕದೆ ಒಳಚರಂಡಿಗೇ ಬಿಡುತ್ತೇನೆ.