ಮಲೆನಾಡಿನ ಮಳೆಯಲ್ಲಿ ಕ್ಷೌರದ ಕತ್ತಿ ಉಳಿಸಿಕೊಳ್ಳುವುದು ಹೇಗೆ?

ಅಟ್ಟದಲ್ಲಿ ಅಜ್ಜನ ಕ್ಷೌರದ ಕತ್ತಿ ಸಿಕ್ಕಿತು ಅಂತ ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಖುಷಿಯಿಂದ ಫೋನ್ ಮಾಡಿದ್ದರು. ನಾನು ಹೋಗಿ ನೋಡುವಷ್ಟರಲ್ಲಿ ಅದನ್ನು ಮೆಟ್ಟುಗತ್ತಿ ಮಸೆಯುವ ಕಲ್ಲಿಗೆ ಹಾಕಿ ಉಜ್ಜಿಬಿಟ್ಟಿದ್ದರು. ಬಾಯಿ ಗರಗಸದ ಹಾಗಾಗಿತ್ತು. ಇನ್ನೊಬ್ಬರು ಒಳ್ಳೆಯ ದುಡ್ಡು ಕೊಟ್ಟು ಹೊಸ ಕತ್ತಿ ತರಿಸಿ ಬಚ್ಚಲಿನ ಗೂಡಿನಲ್ಲಿಟ್ಟರು. ಆಷಾಢ ಮುಗಿಯುವುದರೊಳಗೆ ತುಕ್ಕು. ಇಂಥದ್ದನ್ನು ನೋಡಿ ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಯ್ಕೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಪಾಲಿನಲ್ಲಿ ಹೇಳುತ್ತಾರೆ. ಹೊಸಬರಿಗೆ 5/8, ಅಂದರೆ ಸುಮಾರು 16 ಮಿ.ಮೀ. ಸಾಕು. ತುದಿ ದುಂಡಗಿರಲಿ. ಚೂಪು ತುದಿಯದ್ದು ಕಿವಿಯ ಹತ್ತಿರ ಹೋದಾಗ ಗಾಯ ಮಾಡಿಯೇ ಮಾಡುತ್ತದೆ. ಅಲಗಿನ ಎರಡೂ ಪಕ್ಕ ಕುಳಿ ತೆಗೆದು ತೆಳುವಾಗಿಸಿದ್ದು ಬೇಕು, ಆದರೆ ತೀರಾ ಕಾಗದದ ಹಾಗಿರುವುದು ಬೇಡ, ಅರ್ಧ ಕುಳಿಯದ್ದು ಕೈ ತಪ್ಪನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಜರ್ಮನಿಯ ಸೋಲಿಂಗೆನ್‌ನ ಡೊವೊ, ಬೋಕರ್ ಕಣ್ಣುಮುಚ್ಚಿ ನಂಬಬಹುದಾದವು. ಆ ಊರಿನ ಹೆಸರನ್ನು ಯಾರು ಬೇಕಾದರೂ ಕತ್ತಿಯ ಮೇಲೆ ಒತ್ತದಂತೆ ಅಲ್ಲಿ 1938ರಲ್ಲೇ ಕಾನೂನು ಬಂತು. ಆನ್‌ಲೈನಿನಲ್ಲಿ ನಾನೂರು, ಐನೂರು ರೂಪಾಯಿಗೆ ಸಿಗುವ, ಅಲಗಿನ ಮೇಲೆ ಅಲೆಅಲೆ ಚಿತ್ತಾರ ಇರುವವುಗಳನ್ನು ಮಾತ್ರ ಮುಟ್ಟಬೇಡಿ. ಅಂಥವನ್ನು ಮೂರು ಸಲ ಮಸೆದು ನೋಡಿದ್ದೇನೆ, ಒಂದಕ್ಕೂ ಬಾಯಿ ನಿಲ್ಲಲಿಲ್ಲ.

ಉಕ್ಕು ಯಾವುದು ಅನ್ನುವುದು ನೀವಿರುವ ಊರಿನ ಮೇಲೆ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ಶಿವಮೊಗ್ಗ ಪೇಟೆಯ ಮಳೆ ಅದರ ಮುಂದೆ ಏನೂ ಅಲ್ಲ. ಪೇಟೆಯಲ್ಲಿದ್ದರೆ ಕಾರ್ಬನ್ ಉಕ್ಕು ತೆಗೆದುಕೊಳ್ಳಿ, ಮಸೆಯಲು ಸುಲಭ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆಯವರು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಅದಕ್ಕೂ ತುಕ್ಕು ಹಿಡಿಯುತ್ತದೆ, ಆದರೆ ನಿಧಾನ.

ಸೆಲೂನುಗಳಲ್ಲಿ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಇರುತ್ತದಲ್ಲ, ಅದು ಬೇರೆ ಜಾತಿ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿ ಹೆಪಟೈಟಿಸ್, ಎಚ್‌ಐವಿ ಹರಡಬಾರದು ಅಂತ ಅಲ್ಲಿ ಅದೇ ಸರಿ. ಅದರಲ್ಲಿ ಕೆನ್ನೆ ಉರಿದ ಮಾತ್ರಕ್ಕೆ ನಿಜವಾದ ಕತ್ತಿಯೂ ಹಾಗೇ ಅಂದುಕೊಳ್ಳಬೇಡಿ.

ಕ್ಷೌರಕ್ಕೆ ಹಂಡೆಯ ಬಿಸಿನೀರು, ದಪ್ಪ ನೊರೆ, ಎಳೆದು ಹಿಡಿದ ಚರ್ಮ, ಕತ್ತಿ ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆ. ಮೊದಲ ವಾರ ಕೆನ್ನೆ ಮಾತ್ರ.

ಇನ್ನು ಎಲ್ಲರೂ ಎಡವುವ ಜಾಗ: ಚರ್ಮದ ಪಟ್ಟಿ. ಪ್ರತಿ ಕ್ಷೌರಕ್ಕೂ ಮುಂಚೆ ಕತ್ತಿಯನ್ನು ಪಟ್ಟಿಯ ಮೇಲೆ ಎಳೆಯಬೇಕು. ಇದು ಮಸೆಯುವುದಲ್ಲ, ಕಣ್ಣಿಗೆ ಕಾಣದಷ್ಟು ಬಾಗಿದ ಬಾಯಿಯನ್ನು ನೆಟ್ಟಗೆ ಮಾಡುವುದು. ಪಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಿರಿ, ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ. ಕತ್ತಿಯನ್ನು ಪೂರ್ತಿ ಮಲಗಿಸಿ, ಬೆನ್ನೂ ಬಾಯಿಯೂ ಒಟ್ಟಿಗೆ ಚರ್ಮಕ್ಕೆ ತಾಗಲಿ. ಬೆನ್ನು ಮುಂದೆ, ಬಾಯಿ ಹಿಂದೆ, ಹೀಗೇ ಎಳೆಯಬೇಕು. ತುದಿ ತಲುಪಿದಾಗ ಕತ್ತಿಯನ್ನು ಎತ್ತಬೇಡಿ, ಬೆನ್ನು ಚರ್ಮದ ಮೇಲೇ ಇರಲಿ, ಅದರ ಮೇಲೆ ಕತ್ತಿಯನ್ನು ಹೊರಳಿಸಿ ವಾಪಸು ಬನ್ನಿ. ಬಾಯಿಯ ಕಡೆಯಿಂದ ಹೊರಳಿಸಿದಿರೋ, ಪಟ್ಟಿಯೂ ಕುಯ್ದುಹೋಯಿತು, ಕತ್ತಿಯೂ ಮೊಂಡಾಯಿತು. ಒತ್ತಬೇಡಿ, ಕತ್ತಿಯ ಭಾರವೇ ಸಾಕು. ಪಟ್ಟಿಗೆ ಬಟ್ಟೆಯ ಬದಿಯೂ ಇದ್ದರೆ ಅದರಲ್ಲಿ ಮೊದಲು ಹೋಗಿ ಬಂದು 20 ಸಲ, ಚರ್ಮದ ಮೇಲೆ 50 ಸಲ. ಸಿನಿಮಾದಲ್ಲಿ ನೋಡಿದ ಹಾಗೆ ಪಟಪಟ ಬಡಿಯುವವರನ್ನು ಕಂಡರೆ ನನಗೆ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತದೆ. ಒಂದು ವಾರ ಬೆಣ್ಣೆ ಹಚ್ಚುವ ಮೊಂಡು ಚಾಕುವಿನಲ್ಲಿ ಅಭ್ಯಾಸ ಮಾಡಿ, ಹೊರಳಿಸುವುದು ಕೈಗೆ ಬಂದ ಮೇಲೆಯೇ ಕತ್ತಿ ಹಿಡಿಯಿರಿ.

ಕಲ್ಲಿನ ಕೆಲಸ ಕೆಲವು ತಿಂಗಳಿಗೊಮ್ಮೆ ಮಾತ್ರ, ಕತ್ತಿ ಕೂದಲನ್ನು ಕತ್ತರಿಸದೆ ಕೀಳಲು ಶುರು ಮಾಡಿದಾಗ. ಅದಕ್ಕೆ 4,000, 8,000, 12,000 ನಂಬರಿನ ನುಣುಪು ಕಲ್ಲುಗಳು ಬೇಕು. ಮೊದಲ ವರ್ಷ ಗೊತ್ತಿದ್ದವರಿಗೇ ಕೊಡಿ. ಕೊಳ್ಳುವಾಗಲೂ ಮಸೆದು ಸಿದ್ಧ ಮಾಡಿಯೇ ಕೊಡುತ್ತಾರಾ ಅಂತ ಕೇಳಿ.

ಕೊನೆಗೆ ಒಣಗಿಸುವುದು, ನಮ್ಮ ಕಡೆ ಅರ್ಧ ಕೆಲಸ ಇದೇ. ತೊಳೆದು, ಹಳೇ ಹತ್ತಿ ಬಟ್ಟೆಯಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಒರೆಸಿ, ಹಿಡಿ ಮತ್ತು ಅಲಗು ಸೇರುವ ಸಂದಿಯನ್ನಂತೂ ಬಿಡಬೇಡಿ, ತುಕ್ಕು ಶುರುವಾಗುವುದೇ ಅಲ್ಲಿ. ಒಂದು ಗಂಟೆ ಬಿಚ್ಚಿಯೇ ಇಡಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ. ಆಮೇಲೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲೂ ಇಡಬೇಡಿ, ಚರ್ಮ ಪಸೆ ಹಿಡಿದುಕೊಳ್ಳುತ್ತದೆ. ಬಚ್ಚಲಿನಿಂದ ದೂರ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಶೂ ಡಬ್ಬಿಯೊಳಗೆ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿಟ್ಟರೆ ಸಾಕು. ಪಟ್ಟಿಗೂ ಬೂಷ್ಟು ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬಿಸಿಲು ಕಂಡ ದಿನ ನೆರಳಲ್ಲಿ ಗಾಳಿಗೆ ನೇತುಹಾಕಿ.

ಅಷ್ಟಾಗಿಯೂ ಕೆಂಪು ಚುಕ್ಕೆ ಕಂಡರೆ ಅವತ್ತೇ ಲೋಹದ ಪಾಲಿಶ್ ಹಚ್ಚಿ ಉಜ್ಜಿಬಿಡಿ. ಚುಕ್ಕೆ ಬಾಯಿಯವರೆಗೂ ಹೋಗಿದ್ದರೆ ಮಾತ್ರ ಕಲ್ಲಿಗೇ ಹೋಗಬೇಕು, ಪಟ್ಟಿಯಿಂದ ಆಗುವುದಿಲ್ಲ.