ಇಂಗ್ಲೆಂಡಿಗೆ ಹೊರಟ ಮಗುವಿನ ಎಡಿಎಚ್‌ಡಿ ಮಾತ್ರೆ: ಸೈಡ್ ಎಫೆಕ್ಟ್ ತೂಗಿ ನೋಡುವುದು ಹೇಗೆ?

ಮಗುವಿಗೆ ಬೆಂಗಳೂರಿನಲ್ಲೇ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂತ ಗೊತ್ತಾಗಿ ಮಾತ್ರೆ ಶುರುವಾಗಿದೆ. ಈಗ ಕೆಲಸದ ಮೇಲೆ ಇಂಗ್ಲೆಂಡಿಗೆ ಹೊರಟಿದ್ದೀರಿ. ಹಾಗಿದ್ದರೆ ಸೂಟ್‌ಕೇಸ್ ತುಂಬುವ ಮೊದಲು ಇಲ್ಲಿನ ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ನಿಮ್ಹಾನ್ಸ್‌ನವರಾಗಲಿ, ಜಯನಗರದ ಕ್ಲಿನಿಕ್ಕಿನವರಾಗಲಿ, ಬರೆದುಕೊಡುತ್ತಾರೆ. ಇನ್‌ಸ್ಪೈರಲ್, ಆಡ್‌ವೈಸ್ ಅಂತ ಇಲ್ಲಿನ ಬ್ರ್ಯಾಂಡ್ ಹೆಸರು ಮಾತ್ರ ಇದ್ದರೆ ಅಲ್ಲಿನ ಡಾಕ್ಟರಿಗೆ ತಲೆಬುಡ ಗೊತ್ತಾಗುವುದಿಲ್ಲ. ಔಷಧದ ಮೂಲ ಹೆಸರನ್ನು, ಅಂದರೆ ಮೀಥೈಲ್‌ಫೆನಿಡೇಟ್ ಎಂದೇ ಬರೆಸಿ. ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು ಸಲ, ಯಾವಾಗಿನಿಂದ ಅನ್ನುವುದೂ ಇರಲಿ. ಜೊತೆಗೆ, ಮಾತ್ರೆ ಶುರುವಾಗುವ ಮುಂಚೆ ಮಗುವಿನ ಎತ್ತರ, ತೂಕ, ಬಿಪಿ, ನಾಡಿ ಎಷ್ಟಿತ್ತು ಅನ್ನುವುದು ಬೇಕೇ ಬೇಕು. ಈ ಲೆಕ್ಕ ಇಲ್ಲದಿದ್ದರೆ ಮುಂದೆ ಏನು ಬದಲಾಯಿತು, ಎಷ್ಟು ಬದಲಾಯಿತು ಅಂತ ಯಾರೂ ಹೇಳಲಾರರು.

ಅಲ್ಲಿ ಹೋದ ತಕ್ಷಣ ಮನೆ ಹತ್ತಿರದ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿ. ಆದರೆ ಬೆಂಗಳೂರಿನ ಚೀಟಿ ತೋರಿಸಿದರೆ ಜಿಪಿ ಹಾಗೇ ಮಾತ್ರೆ ಬರೆದುಕೊಡುತ್ತಾರೆ ಅಂದುಕೊಳ್ಳಬೇಡಿ. ಎಡಿಎಚ್‌ಡಿ ಔಷಧ ಶುರು ಮಾಡುವುದು, ಡೋಸ್ ಹೊಂದಿಸುವುದು ತಜ್ಞರ ಕೆಲಸ. ಜಿಪಿ ಮಕ್ಕಳ ಮಾನಸಿಕ ಆರೋಗ್ಯ ಸೇವೆಗೋ, ಮಕ್ಕಳ ತಜ್ಞರಿಗೋ ಕಳಿಸುತ್ತಾರೆ. ಡೋಸ್ ಒಂದು ಹದಕ್ಕೆ ಬಂದ ಮೇಲೆ 'ಶೇರ್ಡ್ ಕೇರ್' ಅನ್ನುವ ಒಪ್ಪಂದದ ಮೇಲೆ ಜಿಪಿ ಬರೆದುಕೊಡಲು ಶುರು ಮಾಡುತ್ತಾರೆ. ತಜ್ಞರನ್ನು ಕಾಣಲು ಕಾಯಬೇಕು, ಅದೂ ತುಂಬಾ ಜಾಸ್ತಿ. ಎಷ್ಟೋ ಊರುಗಳಲ್ಲಿ ವರ್ಷ ದಾಟುತ್ತದೆ. ಇಂಗ್ಲೆಂಡಿನಲ್ಲಿ 'ರೈಟ್ ಟು ಚೂಸ್' ಅಂತ ಒಂದು ದಾರಿಯಿದೆ. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಜೊತೆ ಕರಾರು ಇರುವ ಬೇರೆ ಸಂಸ್ಥೆಗೆ ಕಳಿಸಿ ಅಂತ ಜಿಪಿಯನ್ನು ಕೇಳಬಹುದು. ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. ಸ್ಕಾಟ್ಲೆಂಡಿಗೂ ವೇಲ್ಸಿಗೂ ಇದು ಅನ್ವಯಿಸುವುದಿಲ್ಲ. ಕೈಯಿಂದ ದುಡ್ಡು ಕೊಟ್ಟು ಖಾಸಗಿ ತಜ್ಞರನ್ನು ಕಾಣುವುದಾದರೆ, ಆಮೇಲೆ ಶೇರ್ಡ್ ಕೇರ್ ಒಪ್ಪುತ್ತೀರಾ ಅಂತ ಜಿಪಿಯನ್ನು ಮೊದಲೇ ಕೇಳಿ. ಒಪ್ಪದವರೂ ಇದ್ದಾರೆ.

ಈ ಮಧ್ಯೆ ಮಾತ್ರೆ ಮುಗಿದರೆ? ತಾತನಿಗೆ ಹೇಳಿ ಕೊರಿಯರ್ ಮಾಡಿಸೋಣ ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡವೇ ಬೇಡ. ಎರಡೂ ದೇಶಗಳಲ್ಲಿ ಇದು ಬಿಗಿ ಕಾನೂನಿನ ಔಷಧ. ಜೊತೆಗೆ ಒಯ್ಯುವುದಾದರೆ ಡಾಕ್ಟರ ಪತ್ರ ಇಟ್ಟುಕೊಂಡು, ಮೂರು ತಿಂಗಳಿಗಿಂತ ಕಡಿಮೆ ದಿನಕ್ಕೆ ಬೇಕಾದಷ್ಟನ್ನು ಒಯ್ಯಬಹುದು. ಅದಕ್ಕೆ ಬ್ರಿಟನ್ನಿನ ಲೈಸೆನ್ಸ್ ಬೇಕಿಲ್ಲ.

ಇನ್ನು ಸೈಡ್ ಎಫೆಕ್ಟ್ ವಿಷಯ. ನಮ್ಮವರ ಕಣ್ಣಿಗೆ ಮೊದಲು ಬೀಳುವುದು ಮಗು ಸೊರಗಿದ್ದು. ವಿಡಿಯೋ ಕಾಲ್‌ನಲ್ಲಿ ಅಜ್ಜಿ 'ಅಯ್ಯೋ, ಮಗು ಒಣಗಿ ಹೋಗಿದೆ, ಆ ಮಾತ್ರೆ ನಿಲ್ಲಿಸು' ಅನ್ನುತ್ತಾರೆ. ಅದೇ ಅಜ್ಜಿ ಇನ್ನೊಂದು ದಿನ 'ಈಗ ಎಷ್ಟು ಜಾಣ ಆಗಿದಾನೆ, ಹೇಳಿದ ಕಡೆ ಸುಮ್ನೆ ಕೂತಿರ್ತಾನೆ' ಅಂತ ಹೊಗಳುತ್ತಾರೆ. ನನ್ನನ್ನು ಕೇಳಿದರೆ ಮೊದಲನೆಯದಕ್ಕಿಂತ ಎರಡನೆಯದೇ ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು. ತಮಾಷೆ ಮಾಡುತ್ತಿದ್ದ ಹುಡುಗ ನಗುವುದನ್ನೇ ಬಿಟ್ಟಿದ್ದಾನೆ, ಇಡೀ ದಿನ ಮಂಕಾಗಿ ಕೂತಿರುತ್ತಾನೆ ಅಂದರೆ ಬಹಳ ಸಲ ಡೋಸ್ ಜಾಸ್ತಿಯಾಗಿದೆ ಎಂದರ್ಥ. ಗಮನ ಕೂಡಬೇಕು ನಿಜ, ಆದರೆ ಮಗು ಮಗುವಾಗಿಯೇ ಇರಬೇಕು. ನಮ್ಮ ಮನೆಗಳಲ್ಲಿ ಸುಮ್ಮನಿರುವ ಮಗುವೇ ಒಳ್ಳೆ ಮಗು. ಅದಕ್ಕೇ ಈ ಲಕ್ಷಣವನ್ನು ಡಾಕ್ಟರಿಗೆ ಹೇಳಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ. ಇದನ್ನು ಅಳೆಯುವ ಯಂತ್ರ ಯಾವ ಕ್ಲಿನಿಕ್ಕಿನಲ್ಲೂ ಇಲ್ಲ, ನೀವೇ ಹೇಳಬೇಕು. ಮಗುವನ್ನೂ ಕೇಳಿ. 'ಮಾತ್ರೆ ತಗೊಂಡಾಗ ಹೇಗನ್ಸತ್ತೆ ಪುಟ್ಟ?' ಅಂದರೆ ಏಳೆಂಟು ವರ್ಷದವರು ಚೆನ್ನಾಗಿಯೇ ಹೇಳುತ್ತಾರೆ.

ತೂಕ, ಎತ್ತರದ ಮೇಲೆ ಅಲ್ಲಿನ ವ್ಯವಸ್ಥೆಯೇ ಕಣ್ಣಿಡುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಅಲ್ಲಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿ ಪ್ರಕಾರ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರ ತೂಕವನ್ನು ಮೂರು ತಿಂಗಳಿಗೊಮ್ಮೆ, ಎತ್ತರವನ್ನು ಆರು ತಿಂಗಳಿಗೊಮ್ಮೆ ನೋಡಬೇಕು. ಬಿಪಿ, ನಾಡಿ ಪ್ರತಿ ಸಲ ಡೋಸ್ ಬದಲಾದಾಗ, ಆಮೇಲೆ ಆರು ತಿಂಗಳಿಗೊಮ್ಮೆ. ಅಂಕಿಗಳನ್ನು ಬೆಳವಣಿಗೆಯ ಚಾರ್ಟ್ ಮೇಲೆ ಚುಕ್ಕಿ ಇಟ್ಟು ನೋಡುತ್ತಾರೆ. ಪಕ್ಕದ ಮನೆ ಹುಡುಗನಿಗಿಂತ ತೆಳ್ಳಗಿದ್ದಾನಾ ಅನ್ನುವುದು ಲೆಕ್ಕಕ್ಕಿಲ್ಲ. ತಾನು ಬೆಳೆಯುತ್ತಿದ್ದ ಗೆರೆಯಿಂದ ಕೆಳಗೆ ಜಾರುತ್ತಿದ್ದಾನಾ ಅನ್ನುವುದೇ ಲೆಕ್ಕ. ಎತ್ತರದ ಭಯ ಪೂರ್ತಿ ಸುಳ್ಳಲ್ಲ. ಅಮೆರಿಕದ ಎಂಟಿಎ ಅಧ್ಯಯನದಲ್ಲಿ ಹೊಸದಾಗಿ ಔಷಧ ಶುರು ಮಾಡಿದ ಮಕ್ಕಳು ಮೂರು ವರ್ಷದ ಕೊನೆಗೆ, ಔಷಧ ತೆಗೆದುಕೊಳ್ಳದವರಿಗಿಂತ ಸುಮಾರು 2 ಸೆಂಟಿಮೀಟರ್ ಕಡಿಮೆ ಬೆಳೆದಿದ್ದರು. ಈ ಎರಡು ಸೆಂಟಿಮೀಟರನ್ನು ಇನ್ನೊಂದು ಕಡೆಯ ಲೆಕ್ಕದ ಜೊತೆ ಇಟ್ಟು ನೋಡಬೇಕು. ಮಾತ್ರೆಯಿಲ್ಲದೆ ಶಾಲೆಯಲ್ಲಿ ದಿನಾ ಬೈಸಿಕೊಳ್ಳುವುದು, ಗೆಳೆಯರು ದೂರವಾಗುವುದು, ರಸ್ತೆಗೆ ನುಗ್ಗಿಬಿಡುವುದು, ಇವೂ ಮಗುವಿಗೆ ಆಗುವ ನಷ್ಟವೇ ಅಲ್ವಾ?

ಊಟದ ಸಮಸ್ಯೆಗೆ ದಾರಿಯಿದೆ. ಮಾತ್ರೆಯ ಕೆಲಸ ನಡೆಯುವ ಹೊತ್ತಲ್ಲಿ ಹಸಿವು ಸಾಯುತ್ತದೆ, ಮಧ್ಯಾಹ್ನದ ಡಬ್ಬಿಯ ಚಿತ್ರಾನ್ನ ಹಾಗೇ ವಾಪಸ್ ಬರುತ್ತದೆ. ಅದಕ್ಕೆ ಬೈಯಬೇಡಿ. ಬೆಳಗ್ಗೆ ಮೊದಲು ತಿಂಡಿ, ಆಮೇಲೆ ಮಾತ್ರೆ. ತುಪ್ಪ ಹಾಕಿದ ದೋಸೆಯೋ, ಹಾಲು ಹಾಕಿದ ರಾಗಿ ಗಂಜಿಯೋ, ಗಟ್ಟಿಯಾಗಿ ಹೊಟ್ಟೆಗೆ ಬೀಳಲಿ. ರಾತ್ರಿ ಎಂಟು, ಎಂಟೂವರೆಗೆ ಹಸಿವು ಮರಳುತ್ತದೆ. ಇಂಗ್ಲಿಷರ ಹಾಗೆ ಆರಕ್ಕೇ ಅಡುಗೆಮನೆ ಮುಚ್ಚದೆ ಆಗ ಇನ್ನೊಂದು ಸಲ ಬಡಿಸಿ.

ಸಂಜೆ ಐದರ ಸುಮಾರಿನ ಗಲಾಟೆ ಬೇರೆಯೇ ವಿಷಯ. ಶಾಲೆಯಲ್ಲಿ ದಿನವಿಡೀ ಚೆನ್ನಾಗಿದ್ದವನು ಮನೆಗೆ ಬಂದ ಮೇಲೆ ಶೂ ಎಸೆದು, ತಂಗಿಗೆ ಹೊಡೆದು, ಕಾರಣವಿಲ್ಲದೆ ಅಳುತ್ತಾನೆ. ಔಷಧ ಇಳಿಯುವಾಗ ಆಗುವ ಕಿರಿಕಿರಿ ಇದು. ಮಾತ್ರೆ ನಿಲ್ಲಿಸಬೇಕು ಅಂತ ಇದರ ಅರ್ಥವಲ್ಲ. ಯಾವ ಬಗೆಯ ಮಾತ್ರೆ ಅನ್ನುವುದನ್ನು ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಅಲ್ಲಿ ಸಿಗುವ ಮೀಥೈಲ್‌ಫೆನಿಡೇಟ್ ಬ್ರ್ಯಾಂಡ್‌ಗಳಲ್ಲಿ ಮೆಡಿಕಿನೆಟ್ ಎಕ್ಸ್‌ಎಲ್ ಅರ್ಧ ಡೋಸನ್ನು ಬೆಳಗ್ಗೆಯೇ ಬಿಟ್ಟು ಸುಮಾರು ಎಂಟು ಗಂಟೆ ಕೆಲಸ ಮಾಡುತ್ತದೆ. ಕಾನ್ಸರ್ಟಾ ಎಕ್ಸ್‌ಎಲ್ ಶುರುವಿನಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಬಿಟ್ಟು ಹನ್ನೆರಡು ಗಂಟೆಯವರೆಗೆ ಎಳೆಯುತ್ತದೆ. ಸಂಜೆ ಹೋಮ್‌ವರ್ಕ್‌ಗೆ ಕಾನ್ಸರ್ಟಾ ಒಳ್ಳೆಯದು, ಆದರೆ ನಿದ್ದೆ, ಊಟ ತಡವಾಗಬಹುದು. ಒಂದೇ ಔಷಧವಾದರೂ ಬ್ರ್ಯಾಂಡ್ ಬದಲಾದರೆ ದಿನದ ಲಯವೇ ಬದಲಾಗುತ್ತದೆ. ಅಂಗಡಿಯಲ್ಲಿ ಬೇರೆ ಡಬ್ಬಿ ಕೊಟ್ಟರೆ ಅಲ್ಲೇ ನಿಂತು ಕೇಳಿ. ಇನ್ನೊಂದು ಮಾತು: ಕಾನ್ಸರ್ಟಾದ ಖಾಲಿ ಚಿಪ್ಪು ಮಲದಲ್ಲಿ ಹಾಗೇ ಹೊರಗೆ ಬರುತ್ತದೆ. ಗಾಬರಿ ಬೇಡ, ಔಷಧ ಒಳಗೆ ಹೋಗಿರುತ್ತದೆ. ಸಸ್ಯಾಹಾರಿಗಳು ಗಮನಿಸಿ, ಮೆಡಿಕಿನೆಟ್‌ನ ಕ್ಯಾಪ್ಸೂಲ್ ಜೆಲಾಟಿನ್‌ನದು. ಅದನ್ನು ಬಿಚ್ಚಿ ಒಳಗಿನ ಕಾಳನ್ನು ಒಂದು ಚಮಚ ಮೊಸರಿನ ಮೇಲೆ ಉದುರಿಸಿ ನುಂಗಿಸಬಹುದು, ಆದರೆ ಅಗಿಯಬಾರದು.

ಮೀಥೈಲ್‌ಫೆನಿಡೇಟ್ ಸರಿಯಾದ ಡೋಸ್‌ನಲ್ಲಿ ಆರು ವಾರ ಕೊಟ್ಟರೂ ಸಾಕಷ್ಟು ಉಪಯೋಗವಾಗದಿದ್ದರೆ ಲಿಸ್‌ಡೆಕ್ಸಾಂಫೆಟಮಿನ್ ಅನ್ನುವ ಇನ್ನೊಂದು ಔಷಧಕ್ಕೆ ಹೋಗುತ್ತಾರೆ. ಇವು ಒಗ್ಗದಿದ್ದರೆ ಅಟೊಮಾಕ್ಸೆಟಿನ್ ಅಥವಾ ಗ್ವಾನ್‌ಫಸಿನ್. ಗ್ವಾನ್‌ಫಸಿನ್ ಮಾತ್ರ ಏಕಾಏಕಿ ನಿಲ್ಲಿಸುವ ಹಾಗಿಲ್ಲ, ಬಿಪಿ ಏರುತ್ತದೆ. ಅಟೊಮಾಕ್ಸೆಟಿನ್ ತೆಗೆದುಕೊಳ್ಳುವ ಮಗು ಸಾಯುವ ಮಾತಾಡಿದರೆ, ಕಣ್ಣು ಹಳದಿಯಾದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಯಾವುದೇ ಮಾತ್ರೆಯಲ್ಲಿ ಎದೆನೋವು, ಆಡುವಾಗ ತಲೆಸುತ್ತಿ ಬೀಳುವುದು ಕಂಡರೂ ಕಾಯಬೇಡಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಾದರೂ 40ರೊಳಗೆ ದಿಢೀರನೆ ತೀರಿಕೊಂಡಿದ್ದರೆ ಮೊದಲ ದಿನವೇ ಹೇಳಿ. ಮನೆಯ ವಿಷಯ ಅಂತ ಮುಚ್ಚಿಡುವ ಸಂಗತಿಯಲ್ಲ ಇದು.

ಮದ್ದು ಸಿಗುವ ಬಗೆ ಸುಲಭ. ಹದಿನಾರರೊಳಗಿನವರಿಗೆ ಪುಕ್ಕಟೆ. ಆದರೆ ಸಾಮಾನ್ಯವಾಗಿ ಒಂದು ಸಲಕ್ಕೆ 30 ದಿನದ್ದು ಮಾತ್ರ, ಚೀಟಿಯ ಆಯುಸ್ಸು 28 ದಿನ.

ಇದು ತೊಡಕಾಗುವುದು ಜುಲೈ ಕೊನೆಯಲ್ಲಿ ಆರು ವಾರದ ರಜೆಗೆ ಬೆಂಗಳೂರಿಗೆ ಬರುವಾಗ. ಹೆಚ್ಚಿನ ಮಾತ್ರೆಗೆ ಮುಂಚೆಯೇ ಕೇಳಿಡಿ. ಇಲ್ಲಿ ಬಂದು ಕೊಳ್ಳೋಣ ಅಂದರೆ ಮೀಥೈಲ್‌ಫೆನಿಡೇಟ್ ಶೆಡ್ಯೂಲ್ ಎಕ್ಸ್ ಅನ್ನುವ ಬಿಗಿ ನಿಯಮದ ಔಷಧಗಳ ಪಟ್ಟಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರೇ ಇಟ್ಟುಕೊಳ್ಳುತ್ತಾರೆ, ಬೀದಿಬದಿಯ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಅಪರೂಪ. ಮಾತ್ರೆ ಮೂಲ ಡಬ್ಬಿಯಲ್ಲೇ, ಪತ್ರದ ಜೊತೆ, ಕೈಚೀಲದಲ್ಲಿರಲಿ. ದುಬೈನಲ್ಲಿ ಇಳಿದು ಎರಡು ದಿನ ಇರುವುದಾದರೆ ಅಲ್ಲಿನ ಸರ್ಕಾರದ ಅನುಮತಿಯನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಪಡೆಯಬೇಕು.

ಎತ್ತರ ನಿಜಕ್ಕೂ ಹಿಂದೆ ಬಿದ್ದಿದ್ದರೆ ರಜೆಯಲ್ಲಿ ಮಾತ್ರೆಗೆ ಬಿಡುವು ಕೊಡುವ ಬಗ್ಗೆ ತಜ್ಞರೇ ಯೋಚಿಸುತ್ತಾರೆ. ಅಜ್ಜಿಯ ಕೈ ಅಡುಗೆ ಇರುವ ಆರು ವಾರ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಬಿಡುವಿನಲ್ಲಿರುವ ಮಗುವನ್ನು ಗಾಂಧಿ ಬಜಾರಿನ ಹಬ್ಬದ ಜಂಗುಳಿಗೆ ಕರೆದೊಯ್ಯುವಾಗ ಕೈ ಬಿಡಬೇಡಿ. ವಾಪಸ್ ಹೋದ ಮೇಲೆ ಯಾವ ದಿನದಿಂದ, ಯಾವ ಡೋಸ್‌ನಿಂದ ಮತ್ತೆ ಶುರು ಅನ್ನುವುದನ್ನು ವಿಮಾನ ಹತ್ತುವ ಮೊದಲೇ ಕ್ಲಿನಿಕ್ಕಿನಿಂದ ಬರೆಸಿಕೊಳ್ಳಿ. ಮಾತ್ರೆ ಮತ್ತೆ ಶುರುವಾಗುವ ಮುಂಚೆ ತೂಕ, ಎತ್ತರ ಒಂದು ಸಲ ನೋಡಿಸಿ.